ಅಡಿವೆವ್ವನ ಬಾಯಿಪಾಠ

ಗಜೇಂದ್ರಗಡದ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ನರ್ಸ್ ಬದರುನ್ನಿಸಾ ತನ್ನ ಪುಟವನ್ನು ಮೂರು ಸಲ ಹುಡುಕಿದಳು. ಇರಲಿಲ್ಲ. ಕಂಪನಿಯೊಂದು ಮಾರಿದ ಕ್ಯಾನಿನ ನೀರು ಕುಡಿದು ಲಕ್ಕಲಕಟ್ಟಿಯ ಹದಿನಾಲ್ಕು ಮನೆಗಳಲ್ಲಿ ಕಾಮಾಲೆ ಬಂದಿತ್ತು. ಯಾವ ಮನೆಯಲ್ಲಿ ಯಾರು ಯಾವತ್ತು ಮಲಗಿದರು, ಯಾರು ಎದ್ದರು, ಯಾರು ಏಳಲಿಲ್ಲ ಎಂದೆಲ್ಲ ಅವಳು ಆ ಪುಟದಲ್ಲಿ ಬರೆದಿದ್ದಳು. ಓದಿದವರು ಎಲ್ಲೆಲ್ಲಿಂದಲೋ ಉತ್ತರ ಬರೆದಿದ್ದರು. ಈಗ ಒಂದಕ್ಷರವೂ ಉಳಿದಿರಲಿಲ್ಲ.

ಅವಳಿಗೆ ಬಂದಿದ್ದ ಇಂಗ್ಲಿಷ್ ಪತ್ರವನ್ನು ಅಂಗಡಿಯ ಶ್ರೀಧರ ಓದಿ ಹೇಳಿದ. ಆ ಜಾಲತಾಣವನ್ನು ಹೋದ ತಿಂಗಳು ಬೇರೊಂದು ದೊಡ್ಡ ಕಂಪನಿ ಕೊಂಡಿತ್ತು. ಯಾವುದೇ ವ್ಯಾಪಾರದವರು ದೂರು ಕೊಟ್ಟರೆ ಅಂಥ ಪುಟವನ್ನು ತೆಗೆದುಹಾಕುವುದು ಹೊಸ ಮಾಲಕರ ನಿಯಮವಂತೆ.

"ನಾ ಬರದದ್ದು ನಂದಲ್ಲೇನ್ರಿ?" ಎಂದಳು.

"ಬರದದ್ದು ನಿಮ್ದರಿ. ಇಟ್ಟ ಜಾಗಾ ಅವರದು."

ಮರುದಿನ ರೋಣದಲ್ಲಿ ಆ ನೀರಿನ ಬಗ್ಗೆ ಸರಕಾರಿ ವಿಚಾರಣೆಯಿತ್ತು; ಅಲ್ಲಿ ಈ ಬರಹವನ್ನು ಕೊಡಬೇಕಿತ್ತು. ಪುಟಕ್ಕೆ ಹಾಕುವ ಮೊದಲು ಕೈಯಲ್ಲಿ ಬರೆದಿದ್ದ ಚೀಟಿಯನ್ನು ಅವಳು ಹೆದರಿ ಹರಿದುಹಾಕಿದ್ದಳು. ಸಂಜೆಯ ಬಸ್ಸಿಗೆ ಲಕ್ಕಲಕಟ್ಟಿಗೆ ಬಂದು, ಅಡಿವೆವ್ವನ ಕಟ್ಟೆಯ ಮೇಲೆ ಕುಳಿತು, ಎಲ್ಲ ಹೋಯಿತೆಂದಳು.

ಅಡಿವೆವ್ವ ಮದುವೆ ಮನೆಗಳಲ್ಲಿ ಸೋಬಾನೆ ಹಾಡುವವಳು. ಅಕ್ಷರ ಗೊತ್ತಿಲ್ಲ. ಬದರುನ್ನಿಸಾ ಆ ಬರಹವನ್ನು ಅವಳಿಗೆ ಎರಡೇ ಸಲ ಓದಿ ಹೇಳಿದ್ದಳು: ಒಮ್ಮೆ ಇದೇ ಕಟ್ಟೆಯ ಮೇಲೆ ಚೀಟಿ ನೋಡಿ, ಇನ್ನೊಮ್ಮೆ ಅಂಗಡಿಗೆ ಕರೆದೊಯ್ದು ಕಂಪ್ಯೂಟರ್ ನೋಡಿ.

"ಪೆನ್ನ ತಗೀರಿ, ಅಕ್ಕಾರ," ಎಂದಳು ಅಡಿವೆವ್ವ.

ಒಂದನೇ ಮನೆಯಿಂದ ಶುರುಮಾಡಿದಳು. ಹೆಸರು, ವಯಸ್ಸು, ತಾರೀಖು ಒಂದರಲ್ಲೂ ಎಡವಲಿಲ್ಲ. ಏಳನೆಯದು ಅವಳದೇ ಮನೆ. ಸೊಸೆ ತೀರಿಕೊಂಡ ದಿನವನ್ನೂ ಉಳಿದವರ ದಿನಗಳಂತೆಯೇ ದನಿ ಏರಿಸದೆ, ಇಳಿಸದೆ ಹೇಳಿ ಎಂಟಕ್ಕೆ ಹೋದಳು. ಹದಿನಾಲ್ಕೂ ಮುಗಿದ ಮೇಲೆ ದುಬೈಯಿಂದ ಖಾದರ ಉತ್ತರ ಬರೆದದ್ದು, ಹುಬ್ಬಳ್ಳಿಯಿಂದ ವಸುಧಾ ಬರೆದದ್ದು, ಎಲ್ಲ ಬಂತು. ಯಾವ ಊರಿನ ಯಾವ ಯಂತ್ರದಲ್ಲಿ ತನ್ನ ಮಾತು ಇತ್ತೋ ಬದರುನ್ನಿಸಾಳಿಗೆ ತಿಳಿದಿರಲಿಲ್ಲ. ಅದಷ್ಟೂ ಈ ಮುದುಕಿಯ ನಾಲಿಗೆಯ ಮೇಲೆ ಕುಂತಿತ್ತು. ದೊಡ್ಡದೊಂದರ ಎದುರು ಕುಳಿತಂತೆ, ತಲೆ ತಗ್ಗಿಸಿ ಬರೆದಳು.

ಮುಗಿಯಿತೆಂದು ಪೆನ್ನು ಮುಚ್ಚುವಾಗ ಅಡಿವೆವ್ವ ಅವಳ ಕೈ ಹಿಡಿದಳು.

"ಇನ್ನೊಂದು ಸಾಲು ಐತ್ರಿ. ಚೀಟ್ಯಾಗ ಇತ್ತು. ಕಂಪ್ಯೂಟರದಾಗ ಓದುಮುಂದ ಬರಲಿಲ್ಲ."

ಬದರುನ್ನಿಸಾ ತಲೆ ಎತ್ತಲಿಲ್ಲ.

"'ಈ ನೀರ ಚಲೋ ಐತಿ, ಕುಡೀರಿ ಅಂತ ಮನಿಮನಿಗೆ ಹೋಗಿ ಹೇಳಿದಾಕಿ ನಾನು.' ಇದನ್ನ ಅಳಿಸಿದ್ದು ಕಂಪನಿ ಅಲ್ಲರಿ, ಅಕ್ಕಾರ. ಬರಕೋರಿ."