ಟ್ಯಾಬಿನ ಮುಂದೆ ಚಂದವ್ವ

“ದಯವಿಟ್ಟು ನಿಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ,” ಎಂದಿತು ಮೇಜಿನ ಮೇಲಿದ್ದ ಟ್ಯಾಬು, ಬೆಂಗಳೂರಿನ ಕಡೆಯ ಹೆಣ್ಣುದನಿಯಲ್ಲಿ. ಚಂದವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಕುರಿಗಳನ್ನು, ನಾಯಿಯನ್ನು, ಕೊನೆಗೆ ಅಳಿಯನನ್ನೂ ಹೆಸರು ಹಿಡಿದು ಕರೆದವಳು. ಗಂಡನ ಹೆಸರನ್ನು ಮಾತ್ರ ಬರಿಬಾಯಲ್ಲಿ ಹೊರಗೆ ಬಿಟ್ಟವಳಲ್ಲ. ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆಂದು ಅತ್ತೆ ಹೇಳಿಕೊಟ್ಟಿದ್ದಳು. ಹಾಗಾಗಿ ಅವನ ಆಯುಷ್ಯ ಇನ್ನೂ ಬಿಚ್ಚದ ಗಂಟಿನಂತೆ ಇಡಿಯಾಗಿಯೇ ಇತ್ತು.

“ಆಧಾರ ಕಾರ್ಡನ್ಯಾಗ ಐತಲ್ರಿ ಸಾಹೇಬ್ರ, ನೋಡ್ಕೊಂಡು ನೀವ ಬರ್ಕೊಳ್ರಿ.”

“ಮೊದ್ಲ ಹಂಗ ಮಾಡ್ತಿದ್ವಿ ಕಾಕಿ. ಈಗ ಅರ್ಜಿದಾರರ ಬಾಯಿಂದನ ಬರಬೇಕು. ಹೊಸಾ ರೂಲ್ಸ್. ಮೂರ ಸಲ ಅಷ್ಟ ಚಾನ್ಸ್.” ಮೇಜಿನ ಆಚೆ ಕೂತಿದ್ದ ಸಂಜೀವಕುಮಾರ ಗಡಿಯಾರ ನೋಡಿದ. ಇಂಡಿ ಪಟ್ಟಣದ ಈ ‘ವರ್ಷವಿಡೀ ಕಾರ್ಯಕ್ರಮ’ ಕೇಂದ್ರದಲ್ಲಿ ಸಾಂಸ್ಕೃತಿಕ, ಕೌಟುಂಬಿಕ, ಸಣ್ಣ ಉದ್ಯಮ ಮೂರೂ ವಿಭಾಗಕ್ಕೆ ಇದ್ದ ಸಿಬ್ಬಂದಿ ಅವನೊಬ್ಬನೇ. “ರೊಟ್ಟಿ ಮಷಿನ್ ತರಬೇತಿಗಿ ಒಂದ ಸೀಟ್ ಉಳದೈತಿ. ಐದಕ್ಕ ಬಂದ್. ಹದಿನೈದ ಮಿನಿಟ್ ಅದಾವ ನೋಡ್ರಿ.”

ಆ ಒಂದು ಸೀಟಿಗಾಗಿಯೇ ಚಂದವ್ವ ಝಳಕಿಯಿಂದ ಬಸ್ಸು ಹಿಡಿದಿದ್ದು. ಹೈವೇ ಧಾಬಾಗಳಿಗೆ ದಿನಾ ರೊಟ್ಟಿ ಬಡಿದು ಬಡಿದು ಅವಳ ಬಲಗೈ ಈಗ ತಲೆ ಬಾಚುವಷ್ಟೂ ಮೇಲೇಳುತ್ತಿರಲಿಲ್ಲ. ತರಬೇತಿ ಮುಗಿಸಿದವರಿಗೆ ಮಷಿನ್ನೇ ಕೊಡುತ್ತಾರಂತೆ. ಹಿಂದಿನ ಬೆಂಚಿನಲ್ಲಿ ಗಂಡ, ಕಂಬಳಿ ಹೊದ್ದು ಕೂತಿದ್ದ. ಅವಳು ಅವನ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಹೆಸರು ಹೇಳಲು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಹೆಸರನ್ನು ಪ್ರಾಸದ ಸಾಲಿನೊಳಗೆ ಅಡಗಿಸಿ ಒಡಪು ಹಾಕಿದಳು:

“ರೊಟ್ಟಿಗಿ ರುಚಿ ಗುರೆಳ್ಳ ಹಿಂಡಿ,
ಕುರಿಗಿ ಖುಷಿ ಭೀಮಾ ದಂಡಿ,
ಮಾಳಿಂಗರಾಯರು ಬಂದ್ರಂದ್ರ ತೆರದೈತಿ ನಮ್ಮನಿ ಕಿಂಡಿ!”

ಟ್ಯಾಬಿನ ಪರದೆಯಲ್ಲಿ ಚಕ್ರವೊಂದು ಗರಗರ ತಿರುಗಿತು. “ಜನಪದ ಗೀತೆ ಪತ್ತೆಯಾಗಿದೆ. ನಿಮ್ಮನ್ನು ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ನೋಂದಾಯಿಸಲಾಗಿದೆ. ಡೊಳ್ಳನ್ನು ತಾವೇ ತರತಕ್ಕದ್ದು.”

“ಡೊಳ್ಳ ಯಾಕ? ನನಗ ರೊಟ್ಟಿ ಬಡ್ಯಾಕ ಬರ್ತೈತಿ, ಡೊಳ್ಳ ಬಡ್ಯಾಕ ಬರಂಗಿಲ್ಲ!”

“ಲಗೂನ ಹೆಸರ ಹೇಳಬಾರದಾ?” ಬೆಂಚಿನಿಂದ ಮಾಳಿಂಗ ಗೊಣಗಿದ. “ಬಸ್ ಹೋಗ್ತೈತಿ.”

“ನೀವು ಸುಮ್ಮ ಕುಂದರ್ರಿ! ನಿಮ್ಮ ಸಲುವಾಗೇ ಬಾಯಿ ಕಟ್ಕೊಂಡೇನಿ.” ಅವಳು ಟ್ಯಾಬಿನ ಕಡೆ ತಿರುಗಿದಳು. “ನಮ್ಮ ಮನಿಯವರ್ರಿ ಇವ್ರು... ಭಾಗ್ಯಾನ ಅಪ್ಪ...”

“ಕುಟುಂಬ ಕಲಹ ಪತ್ತೆಯಾಗಿದೆ,” ಎಂದಿತು ಟ್ಯಾಬು, ಬಹಳ ಕನಿಕರದಿಂದ. “ತಮ್ಮಿಬ್ಬರನ್ನೂ ದಂಪತಿ ಸಮಾಲೋಚನೆಗೆ ನೋಂದಾಯಿಸಲಾಗಿದೆ. ಪ್ರತಿ ಬುಧವಾರ, ವರ್ಷಪೂರ್ತಿ.”

“ವರ್ಷಪೂರ್ತಿ? ಕುರಿ ಯಾರ ಕಾಯ್ತಾರ, ಆಕೀನಾ?” ಎಂದು ಮಾಳಿಂಗ ಟ್ಯಾಬಿನ ಕಡೆ ಕೋಲು ತೋರಿಸಿದ.

ಸಂಜೀವಕುಮಾರ ಹಣೆ ಬಡಿದುಕೊಂಡ. “ಇದರ ತೆಲಿ ಇಷ್ಟ ನೋಡ್ರಿ ಕಾಕಿ. ಹಾಡ ಕೇಳಿದ್ರ ಸಾಂಸ್ಕೃತಿಕ, ಜಗಳ ಕೇಳಿದ್ರ ಕೌಟುಂಬಿಕ. ಹೆಸರಷ್ಟ ಒಣಾ ಒಣಾ ಹೇಳಿದ್ರ ಉದ್ಯಮ. ಇನ್ನ ಒಂದ ಚಾನ್ಸ್.” ಅವನಿಗೂ ಪಾಪ ಅನಿಸಿರಬೇಕು. ಕಾಲೇಜಿನ ಗ್ಯಾದರಿಂಗಿನಲ್ಲಿ ಮಿಮಿಕ್ರಿಗೆ ಕಪ್ ಗೆದ್ದವನು, ಬಾಗಿಲನ್ನು ಅರೆ ಮುಚ್ಚಿ, ಕರ್ಚೀಫನ್ನು ಸೆರಗಿನಂತೆ ತಲೆಗೆ ಎಳೆದುಕೊಂಡು, ಚಂದವ್ವನದೇ ದನಿ ತೆಗೆದು, “ಮಾಳಿಂಗ್ರೀ...” ಎಂದು ನಾಚಿದ. ನಾಚಿಕೆ ಎಷ್ಟು ಚೆನ್ನಾಗಿ ಬಂತೆಂದರೆ ಮಾಳಿಂಗ ಬೆಂಚಿನಿಂದ “ಹ್ಞಾಂ” ಅಂದೇಬಿಟ್ಟ. ಟ್ಯಾಬು ಮಾತ್ರ ಗಂಡನಷ್ಟು ಸಡಿಲಿರಲಿಲ್ಲ. “ಧ್ವನಿ ಹೊಂದಾಣಿಕೆಯಾಗುತ್ತಿಲ್ಲ. ಅರ್ಜಿದಾರರೇ ಮಾತನಾಡಿ. ಒಂದು ಅವಕಾಶ ಬಾಕಿ ಇದೆ.”

ಐದಕ್ಕೆ ಆರು ನಿಮಿಷ. ಚಂದವ್ವ ಮೇಲೇಳದ ಬಲಗೈಯನ್ನು ಎಡಗೈಯಿಂದ ಒಮ್ಮೆ ಒತ್ತಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, “ನೀವು ಒಂದ್ ಚೂರ ಹೊರಗ ಹೋಗಿ ನಿಲ್ರಿ,” ಎಂದಳು. ಅವನು ಬೇವಿನ ಗಿಡದ ಕೆಳಗೆ ಹೋಗಿ ನಿಂತದ್ದನ್ನು ಕಿಟಕಿಯಿಂದ ಖಾತ್ರಿ ಮಾಡಿಕೊಂಡಳು. ಕಣ್ಣು ಮುಚ್ಚಿ, ಮನೆದೇವರ ಹೆಸರು ಮನಸ್ಸಿನಲ್ಲೇ ಹೇಳಿ, ಮೂವತ್ತೆರಡು ವರ್ಷ ತಡೆದಿಟ್ಟದ್ದನ್ನು ಒಂದೇ ಉಸಿರಿಗೆ ಬಿಟ್ಟಳು:

“ಮಾಳಿಂಗ!”

ಗೋಡೆಯ ಕ್ಯಾಲೆಂಡರು ಅಲುಗಿತು. ಟ್ಯಾಬಿನಲ್ಲಿ ಹಸಿರು ಗೆರೆ ಮೂಡುವುದಕ್ಕೂ ಮಾಳಿಂಗ ಒಂದೇ ಕಾಲಿನ ಚಪ್ಪಲಿಯಲ್ಲಿ ಒಳಗೆ ಓಡಿಬರುವುದಕ್ಕೂ ಸರಿಹೋಯಿತು. ಮುಖ ಬಿಳಿಚಿತ್ತು.

“ಯಾರ ಹೋದ್ರು?”

“ಯಾರೂ ಹೋಗಿಲ್ಲ ಕಾಕಾ,” ಎಂದ ಸಂಜೀವಕುಮಾರ. “ನಿಮ್ಮ ಹೆಸರೊಂದ ಒಳಗ ಹೋತು, ಅಷ್ಟ.”

ಮಾಳಿಂಗ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಬಡಿಯುತ್ತಿತ್ತು; ದಿನಕ್ಕಿಂತ ಸ್ವಲ್ಪ ಜೋರಾಗಿಯೇ ಬಡಿಯುತ್ತಿತ್ತು. ಅವನು ಹೆಂಡತಿಯನ್ನು ಹೊಸಬಳಂತೆ ನೋಡುತ್ತ ನಿಂತಿರುವಾಗ ಟ್ಯಾಬು ಮತ್ತೆ ಬಾಯಿ ತೆರೆಯಿತು.

“ಧನ್ಯವಾದಗಳು. ಈಗ ದಯವಿಟ್ಟು ನಿಮ್ಮ ಮಾವನವರ ಹೆಸರನ್ನು ಸ್ಪಷ್ಟವಾಗಿ ಹೇಳಿ.”

ಮೂವರೂ ಗಡಿಯಾರ ನೋಡಿದರು. ಐದಕ್ಕೆ ಎರಡು ನಿಮಿಷ. ಚಂದವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನಿಗೆ ಬಾಗಿಲು ತೋರಿಸಿದಳು.

“ಹೊರಗ ನಡೀರಿ. ಈ ಸಲ ಸ್ವಲ್ಪ ದೂರ ಹೋಗ್ರಿ.”