ಮೂರನೇ ಸಲದ ಪರೀಕ್ಷೆ

ಅದೇ ರಕ್ತದ ಕೊಳವೆಯನ್ನು ಮೂರನೇ ಸಲ ಯಂತ್ರದೊಳಗಿಟ್ಟು ಅವನು ಮುಚ್ಚಳ ಒತ್ತಿದ. ಹೊರಗೆ ಬೆಂಚಿನ ಮೇಲೆ ಕೂತವರ ವರದಿಗಳೆಲ್ಲ ಅವನಿಂದಾಗಿ ನಿಂತಿದ್ದವು.

"ಆ ಮಿಷನ್‌ಗೂ ನಿಂಗೂ ಏನೋ ಜಗಳ?" ಎನ್ನುತ್ತ ಲ್ಯಾಬಿನ ಹಿರಿಯಕ್ಕ ಒಳಬಂದರು. ಪರದೆಯ ಮೇಲಿದ್ದ ಹಿಂದಿನ ಫಲಿತಾಂಶವನ್ನು ಬಾಗಿ ನೋಡಿದರು. ಎಫ್‌ಎಸ್‌ಎಚ್ ಮೂವತ್ತೆಂಟು, ಹನ್ನೆರಡು ದಾಟಬಾರದು. ವೀರ್ಯಾಣು ಹುಟ್ಟಿಸು ಎಂದು ಮಿದುಳಿನಿಂದ ಬರುವ ಹಾರ್ಮೋನು ಅದು. ವೃಷಣಗಳು ಓಗೊಡದಿದ್ದರೆ ಮಿದುಳು ಗಂಟಲು ಹರಿದುಕೊಂಡು ಕೂಗುತ್ತಲೇ ಇರುತ್ತದೆ. ಹತ್ತು ವರ್ಷಗಳಿಂದ ಬೇರೆ ಗಂಡಸರ ಹೆಸರಿನ ಮುಂದೆ ಇಂಥ ಅಂಕಿಗಳನ್ನು ಅವನು ನಿರಾಳವಾಗಿ ಬರೆದಿದ್ದ. ಇವತ್ತು ಮಾತ್ರ ಯಂತ್ರದ ಮೇಲೇ ಅನುಮಾನಪಟ್ಟು, ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನೂ ಜೊತೆಗಿಟ್ಟು ನೋಡಿದ್ದ. ಕಂಟ್ರೋಲ್ ಎರಡು ಸಲವೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ನಿಂದೇನೋ ಇದು?"

"ಹೂಂ ಅಕ್ಕ. ನಾಳೆ ಬೆಳಿಗ್ಗೆ ನನ್ನ ಹೆಂಡ್ತಿಗೆ ಆಪರೇಷನ್. ಹೊಟ್ಟೆಗೆ ತೂತು ಮಾಡಿ, ಮಕ್ಕಳಾಗೋಕೆ ಏನು ತೊಂದ್ರೆ ಅಂತ ನೋಡ್ತಾರೆ. ನಂದೆಲ್ಲ ಸರಿಯಾಗಿದೆ, ಟೆಸ್ಟ್ ಮಾಡ್ಕೊಂಡಿದೀನಿ ಅಂತ ಎರಡು ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದೆ."

ಯಂತ್ರ ಕೀಚ್ ಎಂದಿತು. ಮೂವತ್ತೆಂಟು ಪಾಯಿಂಟ್ ಎರಡು.

ಅಕ್ಕ ಬಾಗಿಲು ಮುಚ್ಚಿ ದನಿ ತಗ್ಗಿಸಿದರು. "ಸ್ಯಾಂಪಲ್ ಕೆಟ್ಟಿತ್ತು ಅಂತ ಬರೆದುಬಿಡ್ತೀನಿ ಕಣೋ. ಯಾರಿಗೂ ಗೊತ್ತಾಗಲ್ಲ. ಮುಂದಿನ ತಿಂಗಳು ನೋಡ್ಕೊಳ್ಳೋಣ."

ಅವನು ಕೊಳವೆಯನ್ನು ಹೊರತೆಗೆದು ಬೆಳಕಿಗೆ ಹಿಡಿದ. ರಕ್ತದ ಮೇಲೆ ತೇಲಿದ್ದ ಸೀರಮ್ ದ್ರವ ತಿಳಿಹಳದಿಯಾಗಿತ್ತು, ಸ್ಯಾಂಪಲ್ ಕೆಟ್ಟಿದ್ದರೆ ಕಾಣುವ ಕೆಂಪಿನ ಒಂದೇ ಒಂದು ಎಳೆಯೂ ಇರಲಿಲ್ಲ.

"ಬೇಡ. ಸ್ಯಾಂಪಲ್ ಚೆನ್ನಾಗೇ ಇದೆ."