ಬಲಗೈಯ ಸಮಾಧಿ

ಬಡಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವನ ತಾಯಿ ಹಟ ಹಿಡಿದಳು: ಅವನ ಬಲಗೈಯನ್ನು ಪ್ರಾರ್ಥನೆ ಮಾಡಿಸಿ, ಅವನಪ್ಪನ ಸಮಾಧಿಯ ಪಕ್ಕ ಹೂಳಲೇಬೇಕು. ಗರಗಸದ ಮೆಷಿನ್ನಿಗೆ ಸಿಕ್ಕಿ ಮಣಿಕಟ್ಟಿನಿಂದ ಬೇರೆಯಾದ ಕೈ ಅದು. ಮರಳಿ ಜೋಡಿಸಲು ಡಾಕ್ಟರಿಗೆ ಆಗಿರಲಿಲ್ಲ. ಮಗ ಅಲ್ಲಿ ಮಲಗಿದ್ದಷ್ಟು ದಿನವೂ ಅದನ್ನು ಶವಾಗಾರದ ತಣ್ಣನೆಯ ಕೋಣೆಯಲ್ಲಿ ಇಡಿಸಿ, ಹೊರಡುವಾಗ ಮರೆಯದೆ ಕೇಳಿ ತಂದಿದ್ದಳು. ಈಗ ಅದು ಬಿಳಿ ಬಟ್ಟೆ ಸುತ್ತಿಕೊಂಡು, ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಕಿಟಕಿಯ ಬಳಿ ಕೂತಿತ್ತು.

"ಸುಟ್ಟು ಹಾಕೋಕೆ ಆಸ್ಪತ್ರೆಯವರಿಗೇ ಬಿಟ್ಟು ಬರೋದಲ್ವಾ?" ಅವನು ಗೋಡೆಯ ಕಡೆ ಹೊರಳಿದ. "ನನಗೇ ಕೈಕೊಟ್ಟ ಕೈ. ಅದಕ್ಕೆ ಪ್ರಾರ್ಥನೆ ಬೇರೆ ಕೇಡು."

"ಕೈಕೊಟ್ಟಿದ್ದು ಮೆಷಿನ್ನು. ಇದು ಇಷ್ಟು ವರ್ಷ ನಮಗೆ ಅನ್ನ ಹಾಕಿದೆ. ಕಡೇ ದಿನ ಸತ್ತವರೆಲ್ಲ ಸಮಾಧಿಯಿಂದ ಎದ್ದು ಬರುವಾಗ ನೀನೊಬ್ಬ ಕೈ ಎಲ್ಲಿ ಕೈ ಎಲ್ಲಿ ಅಂತ ಊರೆಲ್ಲ ಅಲೀಬೇಕಾ? ನಿಮ್ಮಪ್ಪನ ಹತ್ರ ಇದ್ರೆ ಅವರು ನೋಡ್ಕೋತಾರೆ."

ಮೊದಲಾಗಿದ್ದರೆ ಅವನು ನಗುತ್ತಿದ್ದ. ಈಗ ನಗು ಬರಲಿಲ್ಲ. ಉಳಿ, ಸುತ್ತಿಗೆಗಳನ್ನೆಲ್ಲ ಯಾರಿಗಾದರೂ ಕೊಟ್ಟು ಅಂಗಡಿಗೆ ಬೀಗ ಹಾಕಿಬಿಡು ಎಂದು ಆಸ್ಪತ್ರೆಯಲ್ಲೇ ಹೇಳಿಬಿಟ್ಟಿದ್ದ. ಆದರೆ ಕಣ್ಣು ಮತ್ತೆ ಮತ್ತೆ ಆ ಡಬ್ಬಿಯ ಮೇಲೇ ಹೋಗುತ್ತಿತ್ತು.

"ಈ ಡಬ್ಬೀಲೇ ಹೂಳ್ತೀಯಾ?"

"ಇನ್ನೇನು ಮಾಡ್ಲಿ? ಪೆಟ್ಟಿಗೆ ಮಾಡೋನು ಮಲಗಿದ್ದಾನಲ್ಲ."

ಅವನು ಎದ್ದ. ಮನೆಯ ಹಿಂದಿನ ಅಂಗಡಿಯ ಬಾಗಿಲು ತೆಗೆದ. ಯಾವುದೋ ಬಾಗಿಲಿಗೆಂದು ಕೊಯ್ದು ಉಳಿದಿದ್ದ ಒಳ್ಳೆಯ ಹಲಗೆಯನ್ನು ಕಾಲಿನಿಂದ ಈಚೆಗೆ ಎಳೆದ. ತಾಯಿ ಹಲಗೆ ಒತ್ತಿ ಹಿಡಿದಳು. ಅವನು ಎಡಗೈಯಲ್ಲಿ ಗರಗಸ ಎಳೆದ. ಗೆರೆ ಇದ್ದಲ್ಲಿ ಗರಗಸ ಹೋಗಲಿಲ್ಲ, ಗರಗಸ ಹೋದಲ್ಲೇ ಗೆರೆ ಎಂದುಕೊಳ್ಳಬೇಕಾಯಿತು. ಮೊಳೆ ಹೊಡೆಯುವ ಸರದಿ ಬಂದಾಗ ತಾಯಿ ಮೊಳೆ ಹಿಡಿದಳು, ಅವನು ಸುತ್ತಿಗೆ ಕೆಳಗಿಟ್ಟ.

"ಬೇಡಮ್ಮ. ನಿನ್ನ ಬೆರಳಿಗೆ ಬೀಳುತ್ತೆ."

"ಬಿದ್ರೆ ಇನ್ನೊಂದು ಪೆಟ್ಟಿಗೆ ಮಾಡು."

ಅವಳು ಕಣ್ಣು ಮುಚ್ಚಿಕೊಂಡಳು. ಮೊಳೆ ಹಿಡಿದ ಬೆರಳನ್ನು ಮಾತ್ರ ತೆಗೆಯಲಿಲ್ಲ. ನಾಲ್ಕು ಮೊಳೆ ಸೊಟ್ಟಗಾದವು, ಐದನೆಯದು ನೆಟ್ಟಗೆ ಇಳಿಯಿತು. ಪೆಟ್ಟಿಗೆ ಮುಗಿದಾಗ ಅದು ಅವನು ಕಸುಬಿಗೆ ಕೂತ ಮೊದಲ ವರ್ಷದ ಕೆಲಸದಂತಿತ್ತು. ಅದರೊಳಗೆ ಮರದ ಹೊಟ್ಟು ಹಾಸಿ, ಬಟ್ಟೆ ಸುತ್ತಿದ ಕೈಯನ್ನು ಮಲಗಿಸಿದ. ಮುಚ್ಚುವ ಮುಂಚೆ ಎಡಗೈಯಿಂದ ಅದನ್ನು ಒಮ್ಮೆ ಹಿಡಿದುಕೊಂಡ, ದೂರ ಹೊರಟವರ ಕೈ ಹಿಡಿಯುವ ಹಾಗೆ.

ಸಂಜೆ ಸಮಾಧಿಯ ತೋಟಕ್ಕೆ ಪಾದ್ರಿಗಳು ಬಂದರು. ಪೆಟ್ಟಿಗೆ ನೋಡಿ ಸ್ವಲ್ಪ ತಡವರಿಸಿದರು.

"ಕೈಯೊಂದಕ್ಕೇ ಅಂತ ಓದೋ ಪ್ರಾರ್ಥನೆ ನನ್ನ ಹತ್ರ ಇಲ್ಲಮ್ಮ."

"ಪೂರ್ತಿ ಮನುಷ್ಯನಿಗೆ ಓದೋದನ್ನೇ ಓದಿ ಫಾದರ್. ಎದ್ದು ಬರೋದು ಪೂರ್ತಿ ಮನುಷ್ಯನೇ ಅಲ್ವಾ?"

ಬಡಗಿ ಅಪ್ಪನ ಸಮಾಧಿಯ ಪಕ್ಕ ತೋಡಿದ್ದ ಗುಂಡಿಯ ಅಂಚಿನಲ್ಲಿ ನಿಂತಿದ್ದ. "ಫಾದರ್, ನಿಜ ಹೇಳಿ. ಆವತ್ತು ನನಗೆ ಈ ಕೈ ಇರುತ್ತಾ?"

ಪಾದ್ರಿಗಳು ಪುಸ್ತಕ ತೆರೆಯದೆ ಹಾಗೇ ಹಿಡಿದುಕೊಂಡರು. "ಹೇಗೆ ಅಂತ ನನಗೆ ಗೊತ್ತಿಲ್ಲ. ಸಮಾಧಿಯಿಂದ ಎದ್ದ ಪ್ರಭುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಅಷ್ಟು ಗೊತ್ತು. ಸಾವನ್ನೇ ಗೆದ್ದವನಿಗೆ ಗಾಯ ಮಾಯಿಸಿಕೊಳ್ಳೋದು ಏನು ಮಹಾ? ಆದ್ರೂ ಉಳಿಸ್ಕೊಂಡ. ಬೇರೆ ಯಾವುದೋ ಹೊಸ ಮೈ ತಗೊಂಡು ಬರಲಿಲ್ಲಪ್ಪ. ನೊಂದ ಮೈಯೇ, ಸತ್ತ ಮೈಯೇ ಎದ್ದು ಬಂತು. ಶಿಷ್ಯರಿಗೆ ಅವನು ತೋರಿಸಿದ್ದು ಆ ಕೈಗಳನ್ನೇ."

"ಆತನೂ ಬಡಗಿನೇ," ತಾಯಿ ಮೆಲ್ಲಗೆ ಹೇಳಿದಳು. "ಕೈ ಅಂದ್ರೆ ಏನು ಅಂತ ಆತನಿಗೆ ಗೊತ್ತು."

ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣನ್ನು ಬಡಗಿಯೇ ಹಾಕಿದ. ಅದು ಹಲಗೆಯ ಮೇಲೆ ಬಿದ್ದ ಸದ್ದಿಗೆ ಅವನು ಮುಖ ಕಿವುಚಿದ.

"ಎಲ್ಲಿ ನೋವು?" ಪಾದ್ರಿಗಳು ಕೇಳಿದರು.

ಅವನು ಗದ್ದದಿಂದ ಗುಂಡಿಯನ್ನು ತೋರಿಸಿದ. "ಅಲ್ಲಿ. ಮುಷ್ಟಿ ಬಿಗಿದುಕೊಂಡಿದೆ. ಕೈ ಹೋದಾಗಿನಿಂದ ಹಾಗೇ ಇದೆ, ಉಗುರು ಅಂಗೈಗೆ ನಾಟ್ತಿದೆ. ಕೈ ಹೋದ್ರೂ ನರಕ್ಕೆ ತಿಳಿಯಲ್ಲ ಅಂತಾರೆ ಡಾಕ್ಟರು. ಬಿಚ್ಚೋಣ ಅಂದ್ರೆ ಎಲ್ಲಿ ಅಂತ ಬಿಚ್ಚಲಿ?"

ಪಾದ್ರಿಗಳು ಪುಸ್ತಕ ತೆರೆದು, ಪೂರ್ತಿ ಮನುಷ್ಯನಿಗೆ ಓದುವುದನ್ನೆಲ್ಲ ಒಂದು ಅಕ್ಷರವೂ ಬಿಡದೆ ಓದಿದರು. ತಾಯಿ ಮಂಡಿಯೂರಿ ಮಣ್ಣು ತುಂಬಿದಳು. ತುಂಬಿದ ಮೇಲೆ, ನಿದ್ದೆ ಬಾರದ ಮಗುವಿನ ಬೆನ್ನು ತಟ್ಟುವ ಹಾಗೆ, ಅದನ್ನು ಅಂಗೈಯಿಂದ ತಟ್ಟತೊಡಗಿದಳು. ಪ್ರಾರ್ಥನೆ ಮುಗಿದರೂ ತಟ್ಟುತ್ತಲೇ ಇದ್ದಳು.

"ಅಮ್ಮ," ಎಂದ ಬಡಗಿ. ಅವನು ಕಣ್ಣು ಮುಚ್ಚಿದ್ದ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ಬಿಚ್ಕೊಳ್ತಿದೆ. ಕಿರುಬೆರಳು ಮೊದಲು. ಆಮೇಲೆ ಒಂದೊಂದೇ. ಈಗ ಪೂರ್ತಿ ಬಿಚ್ಚಿದೆ."

ತಾಯಿಯ ಕೈ ಮಣ್ಣಿನ ಮೇಲೆ ನಿಂತುಬಿಟ್ಟಿತು. "ಅಂಗೈ ಯಾವ ಕಡೆಗಿದೆಯಪ್ಪ?"

"ಮೇಲಕ್ಕೆ."

ಪಾದ್ರಿಗಳು ಬಗ್ಗಿ ಚಪ್ಪಲಿ ಕಳಚಿ, ದೂರ ಇಟ್ಟು ಬಂದು, ಆ ಗೇಣುದ್ದದ ಮಣ್ಣಿನ ಪಕ್ಕ ಬರಿಗಾಲಲ್ಲಿ ನಿಂತರು.